ಅನಿಲದೊಳಗಿನ ಜಾಡು: ಎಚ್‌ಎಎಲ್ ಓಡುದಾರಿಯಿಂದ ಜೆಮ್ ಹಾಳೆಯವರೆಗೆ



ನಾವು ಸೇರಿರುವ ಇಂದಿರಾನಗರಕ್ಕೂ ಹಳೆಯ ವಿಮಾನನಿಲ್ದಾಣಕ್ಕೂ ಎಷ್ಟು ದೂರ ಎಂದು ನಿಮಗೆ ನಾನು ಹೇಳಬೇಕಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಈ ಬಡಾವಣೆ ಇನ್ನೂ ಹುಟ್ಟಿರಲಿಲ್ಲ. ವಿಮಾನಗಳ ಕಾರ್ಖಾನೆ ಮಾತ್ರ ಆಗಲೇ ಇತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಇಂದಿನ ಎಚ್‌ಎಎಲ್, 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ಸೇನಾ ವಾಯುಪಡೆಯ 84ನೆಯ ಏರ್ ಡಿಪೋ ಆಗಿ ಕೆಲಸ ಮಾಡಿತು. ಬರ್ಮಾ ಮತ್ತು ಚೀನಾ ರಂಗದಲ್ಲಿ ಪೆಟ್ಟು ತಿಂದ ವಿಮಾನಗಳು ಇಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಅದೇ ಓಡುದಾರಿಯಿಂದ ಒಂದು ವಿಮಾನ ಯುದ್ಧಕ್ಕೆ ಸಂಬಂಧವೇ ಇಲ್ಲದ ಸಾಮಾನು ಹೊತ್ತು 30,000 ಅಡಿಗೆ ಏರಿತು. ಅದರೊಳಗೆ ಒಂದರ ಮೇಲೊಂದು ಜೋಡಿಸಿದ ಗೈಗರ್–ಮುಲ್ಲರ್ ಕೊಳವೆಗಳು ಇದ್ದವು. ಅವನ್ನು ಏರಿಸಿದವರು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಆಗ ವಿಶ್ವಕಿರಣ ಸಂಶೋಧನೆಯ ಘಟಕ ನಡೆಸುತ್ತಿದ್ದ ಹೋಮಿ ಭಾಭಾ. ಎಸ್.ವಿ. ಚಂದ್ರಶೇಖರ ಅಯ್ಯ, ಹೋಟೆಕೊ, ಸಕ್ಸೇನಾ ಅವರೊಡನೆ ಭಾಭಾ ಬರೆದ ಲೇಖನ 1945ರಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಅಚ್ಚಾಯಿತು.

ಅದಕ್ಕೆ ಬೆಂಗಳೂರೇ ಏಕೆ ಬೇಕಾಯಿತು? ನಮ್ಮೂರು ಭೂಕಾಂತೀಯ ಸಮಭಾಜಕಕ್ಕೆ ತೀರ ಹತ್ತಿರ. ಆಕಾಶದಿಂದ ಬರುವ ಕಣಗಳಲ್ಲಿ ಕಡಿಮೆ ಶಕ್ತಿಯವನ್ನು ಭೂಮಿಯ ಕಾಂತಕ್ಷೇತ್ರ ಇಲ್ಲಿ ಹೊರಗೇ ತಿರುಗಿಸಿಬಿಡುತ್ತದೆ. ಹೆಚ್ಚು ಶಕ್ತಿಯವು ಮಾತ್ರ ನುಗ್ಗಿ ಬರುತ್ತವೆ. ಅಮೆರಿಕದ ಅಕ್ಷಾಂಶದಲ್ಲಿ ಅಳೆದದ್ದನ್ನು ಇಲ್ಲಿ ಅಳೆದದ್ದರೊಡನೆ ಹೋಲಿಸಿದರೆ ಕಣಗಳ ಹುಟ್ಟಿನ ಬಗ್ಗೆ ಏನಾದರೂ ತಿಳಿಯುತ್ತದೆ. ಈ ಕಾರಣಕ್ಕೇ 1939–40ರ ಚಳಿಗಾಲದಲ್ಲಿ ಮಿಲಿಕನ್, ನೆಹರ್, ಪಿಕರಿಂಗ್ ಎಂಬ ಮೂವರು ವಿಜ್ಞಾನಿಗಳು ಅಮೆರಿಕದಿಂದ ಭಾರತಕ್ಕೆ ಬಂದು ಪೇಶಾವರ, ಆಗ್ರಾ, ಬೆಂಗಳೂರುಗಳಿಂದ ಬಲೂನು ಹಾರಿಸಿದ್ದರು. ಸರ್ ಸಿ.ವಿ. ರಾಮನ್ ಅವರ ಬಳಿ ಇದ್ದ ವಿಕ್ರಂ ಸಾರಾಭಾಯಿ ಕೂಡ ಆ ವರ್ಷಗಳಲ್ಲಿ ಇಲ್ಲೇ ಗೈಗರ್ ಕೊಳವೆ ಇಟ್ಟುಕೊಂಡು ವಿಶ್ವಕಿರಣದ ಏರಿಳಿತವನ್ನು ಲೆಕ್ಕ ಹಾಕುತ್ತಿದ್ದರು.

ಬೆಂಗಳೂರಿನ ವಿಜ್ಞಾನ ಎಂದೊಡನೆ ನಮಗೆ ಕಾಣುವುದು ರಾಕೆಟ್ಟು, ಉಪಗ್ರಹ, ಸಾಫ್ಟ್‌ವೇರು. ಅನಿಲ ತುಂಬಿದ ಕೊಳವೆಯನ್ನು ಯಾರೂ ನೆನೆಯುವುದಿಲ್ಲ. ನನ್ನ ಮಟ್ಟಿಗೆ ಈ ಪ್ರದೇಶಕ್ಕೆ, ಅಂದರೆ ದಂಡು (ಕಂಟೋನ್ಮೆಂಟ್) ಪ್ರದೇಶದಿಂದ ಪೂರ್ವಕ್ಕೆ ಕೋಲಾರದ ಗಣಿಯವರೆಗಿನ ಈ ಪಟ್ಟಿಗೆ, ಕಣ ಭೌತಶಾಸ್ತ್ರದಲ್ಲಿ ಸಲ್ಲಬೇಕಾದ ಜಾಗ ಆ ಕೊಳವೆಯ ಮೂಲಕವೇ ಬಂದದ್ದು. ಕಣಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಿದ್ಧಾಂತಿಗಳ ಚರಿತ್ರೆಯಾಗಿ ಓದುತ್ತೇವೆ. ಇವತ್ತು ಅದನ್ನು ಉಪಕರಣದ ಕಡೆಯಿಂದ ನೋಡೋಣ.

ನಿಮ್ಮ ಅಂಗೈಯನ್ನು ಹೀಗೆ ಬಿಚ್ಚಿ ಹಿಡಿಯಿರಿ. ಮ್ಯೂಆನ್ ಎಂಬ ಕಣ ಅದರೊಳಗಿಂದ ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಹಾದುಹೋಗುತ್ತಿದೆ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದು ಎನ್ನುವುದು ಸಾಧಾರಣ ಲೆಕ್ಕ. ಈ ಕಣ ನಮಗೆ ತಾಗಿದ್ದು ತಿಳಿಯುವುದಿಲ್ಲ, ಆದರೆ ಗಾಳಿಗೆ ತಿಳಿಯುತ್ತದೆ. ವಿದ್ಯುದಾವೇಶವಿರುವ ಯಾವ ಕಣವಾದರೂ ಅನಿಲದೊಳಗೆ ಓಡಿದರೆ ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತದೆ. ಆರ್ಗಾನ್ ಅನಿಲದಲ್ಲಿ ಒಂದು ಸೆಂಟಿಮೀಟರು ಓಡಿದರೆ ಸುಮಾರು ನೂರು ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಪ್ರತಿ ಎಲೆಕ್ಟ್ರಾನಿಗೂ ಒಂದು ಧನ ಅಯಾನು ಹಿಂದೆ ಉಳಿಯುತ್ತದೆ. ಕಣ ಹೋದ ಹಾದಿ ಎಂದರೆ ಈ ಜೋಡಿಗಳ ಸಾಲು.

ನೂರು ಎಲೆಕ್ಟ್ರಾನು ಯಾವ ಸರ್ಕ್ಯೂಟಿಗೂ ನೇರವಾಗಿ ಕಾಣದಷ್ಟು ಕಡಿಮೆ. ಆದ್ದರಿಂದ ಅವನ್ನು ಅನಿಲದೊಳಗೇ ಹೆಚ್ಚಿಸಬೇಕು. ಒಂದು ಲೋಹದ ಕೊಳವೆಯ ನಡುವೆ ಕೂದಲಿನಷ್ಟು ತೆಳ್ಳಗಿನ ತಂತಿ ಎಳೆದು, ಅದಕ್ಕೆ ಸಾವಿರ, ಎರಡು ಸಾವಿರ ವೋಲ್ಟ್ ಕೊಡುತ್ತಾರೆ. ಎಲೆಕ್ಟ್ರಾನು ತಂತಿಯ ಕಡೆಗೆ ಸರಿಯುತ್ತದೆ. ತಂತಿಯ ಹತ್ತಿರ ವಿದ್ಯುತ್ ಕ್ಷೇತ್ರ ಎಷ್ಟು ತೀಕ್ಷ್ಣವೆಂದರೆ, ಎಲೆಕ್ಟ್ರಾನು ವೇಗ ಪಡೆದು ಇನ್ನೊಂದು ಪರಮಾಣುವಿಗೆ ಗುದ್ದಿ ಮತ್ತೊಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ಷಣಾರ್ಧದಲ್ಲಿ ಹತ್ತು ಸಾವಿರವಾಗುತ್ತದೆ. ಮೊದಲು ಬಿದ್ದ ಎಲೆಕ್ಟ್ರಾನುಗಳಿಗೆ ಅನುಪಾತವಾಗಿ ಮಾತ್ರ ಹೆಚ್ಚಳ ನಿಂತರೆ ಅದು ಪ್ರಪೋರ್ಷನಲ್ ಕೌಂಟರು. ವೋಲ್ಟೇಜನ್ನು ಇನ್ನೂ ಏರಿಸಿ ಕೊಳವೆ ಪೂರ್ತಿ ಹೊತ್ತಿಕೊಳ್ಳುವಂತೆ ಮಾಡಿದರೆ ಗೈಗರ್ ಕೌಂಟರು. ಭಾಭಾ ವಿಮಾನದಲ್ಲಿ ಕಳಿಸಿದ್ದು ಎರಡನೆಯದನ್ನು. ಒಂದು ಗೈಗರ್ ಕೊಳವೆಗೆ ಕಣ ಎಲ್ಲಿ ತಾಗಿತು ಎಂದು ಗೊತ್ತಾಗುವುದಿಲ್ಲ. ಮೂರು ಕೊಳವೆಗಳನ್ನು ಒಂದರ ಕೆಳಗೊಂದು ಇಟ್ಟು, ಮೂರೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುವ ಸರ್ಕ್ಯೂಟನ್ನು 1930ರಲ್ಲಿ ಬ್ರೂನೊ ರೋಸಿ ಮಾಡಿಕೊಟ್ಟ ಮೇಲೆ ಕಣ ಬಂದ ದಿಕ್ಕು ಹಿಡಿತಕ್ಕೆ ಬಂತು. ಜಾಡು ಹಿಡಿಯುವ ವಿದ್ಯೆ ಅಲ್ಲಿಂದ ಶುರುವಾಯಿತು ಎನ್ನಬಹುದು.

ಈ ವಿದ್ಯೆಗೆ ಮೊದಲ ದಿನದಿಂದ ಅಂಟಿಕೊಂಡಿರುವ ತೊಡಕು ಒಂದಿದೆ. ಅದು ಧನ ಅಯಾನಿನದು. ಎಲ್ಲರೂ ಎಲೆಕ್ಟ್ರಾನಿನ ಗುಣಗಾನ ಮಾಡುತ್ತಾರೆ. ಡಿಟೆಕ್ಟರು ಕಟ್ಟುವವರು ರಾತ್ರಿ ನಿದ್ದೆಗೆಡುವುದು ಅಯಾನಿನಿಂದ. ಎಲೆಕ್ಟ್ರಾನು ಅನಿಲದಲ್ಲಿ ಮೈಕ್ರೋಸೆಕೆಂಡಿಗೆ ಐದು ಸೆಂಟಿಮೀಟರಿನಂತೆ ಸರಿಯಬಲ್ಲದು. ಅದರ ಜೋಡಿ ಅಯಾನು ಸಾವಿರ ಪಟ್ಟು ನಿಧಾನ. ಟಿನ್ ಫ್ಯಾಕ್ಟರಿ ಬಳಿ ಸಂಜೆ ಆರು ಗಂಟೆಗೆ ನಿಂತವರಿಗೆ ಇದು ಥಟ್ಟನೆ ಅರ್ಥವಾದೀತು: ಬೈಕಿನವರು ಸಂದಿಯಲ್ಲಿ ನುಸುಳಿ ಹೊರಟೇಬಿಡುತ್ತಾರೆ, ಲಾರಿಗಳು ನಿಂತಲ್ಲೇ ನಿಂತಿರುತ್ತವೆ, ಹಿಂದೆ ಬಂದವರಿಗೆ ದಾರಿ ಕಟ್ಟಿಹೋಗುತ್ತದೆ. ತಂತಿಯ ಸುತ್ತ ಅಯಾನುಗಳು ಜಮಾಯಿಸಿದರೆ ಅಲ್ಲಿನ ವಿದ್ಯುತ್ ಕ್ಷೇತ್ರ ಕುಗ್ಗುತ್ತದೆ. ಮುಂದಿನ ಕಣ ಬಂದರೆ ಎಲೆಕ್ಟ್ರಾನುಗಳು ಹೆಚ್ಚುವುದಿಲ್ಲ, ಡಿಟೆಕ್ಟರಿಗೆ ಕಣ ಕಾಣುವುದಿಲ್ಲ. ಗೈಗರ್ ಕೊಳವೆ ಒಂದು ಸಲ ಮಿಡಿದರೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಹೊತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕುರುಡಾಗಿರುತ್ತದೆ. ವಿಶ್ವಕಿರಣ ಎಣಿಸಲು ಅಷ್ಟು ಧಾರಾಳವಾಗಿ ಸಾಕು. ಸೆಕೆಂಡಿಗೆ ಕೋಟಿ ಕಣ ಸುರಿಯುವ ಜಾಗದಲ್ಲಿ ಅದು ನಿಷ್ಪ್ರಯೋಜಕ.

ಅನಿಲ ಡಿಟೆಕ್ಟರುಗಳ ನೂರು ವರ್ಷದ ಬೆಳವಣಿಗೆಯನ್ನು ಅಯಾನನ್ನು ದಾರಿಯಿಂದ ಸರಿಸಿದ ಕಥೆಯಾಗಿಯೇ ಹೇಳಬಹುದು. ಆದರೆ ಆ ಕಥೆಗೆ ಬರುವ ಮೊದಲು ಅವಸರವೇ ಬೇಡವಾಗಿದ್ದ ಒಂದು ಜಾಗಕ್ಕೆ ಹೋಗಿಬರಬೇಕು.

1864ರಲ್ಲಿ ದಂಡಿನಿಂದ ಜೋಲಾರಪೇಟೆಗೆ ರೈಲು ಬಂತು. ಕೆ.ಆರ್. ಪುರಂ, ವೈಟ್‌ಫೀಲ್ಡ್, ಮಾಲೂರು, ಟೇಕಲ್ ದಾಟಿ ಬಂಗಾರಪೇಟೆಯಲ್ಲಿ ಕವಲೊಡೆಯುವ ದಾರಿ ಹಿಡಿದರೆ ಚಾಂಪಿಯನ್ ಎಂಬ ನಿಲ್ದಾಣ ಸಿಗುತ್ತದೆ, ಕೊನೆಗೆ ಮಾರಿಕುಪ್ಪಂ. ಜಾನ್ ಟೇಲರ್ ಕಂಪನಿ 1880ರಲ್ಲಿ ತೋಡಲು ಆರಂಭಿಸಿದ ಚಿನ್ನದ ಗಣಿಗಳು ಅಲ್ಲಿವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಅದು ಒಂದು. ಚಿನ್ನಕ್ಕಾಗಿ ತೋಡಿದ ಆ ಆಳ ಭೌತವಿಜ್ಞಾನಿಗಳಿಗೆ ಬೇರೆ ಕಾರಣಕ್ಕೆ ಬೇಕಾಯಿತು. ನೆಲದ ಮೇಲೆ ಅಂಗೈಗೆ ಸೆಕೆಂಡಿಗೊಂದು ಮ್ಯೂಆನ್ ಬೀಳುವ ಗದ್ದಲದಲ್ಲಿ ಅಪರೂಪದ ಕಣ ಹುಡುಕಲಾಗದು. ಬಂಡೆಯ ಅಡಿಗೆ ಹೋದಷ್ಟೂ ಗದ್ದಲ ತಗ್ಗುತ್ತದೆ.

1951ರಲ್ಲಿ ಭಾಭಾ ಈ ಕೆಲಸಕ್ಕೆ ಕಳಿಸಿದ್ದು ಬಿ.ವಿ. ಶ್ರೀಕಂಠನ್ ಅವರನ್ನು. ನಂಜನಗೂಡಿನ ಕಡೆಯವರು, 1925ರಲ್ಲಿ ಹುಟ್ಟಿದವರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ 1948ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದವರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾಗಿ 1975ರಿಂದ 1987ರವರೆಗೆ ಇದ್ದರು. ನಿವೃತ್ತಿಯ ಬಳಿಕ ಬೆಂಗಳೂರಿಗೆ ಬಂದು ನೆಲೆಸಿ, ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೊನೆಯವರೆಗೂ ಕೆಲಸ ಮಾಡಿ 2019ರಲ್ಲಿ ತೀರಿಕೊಂಡರು. ತರುಣ ಶ್ರೀಕಂಠನ್ ಗೈಗರ್ ಕೊಳವೆಗಳನ್ನು ಗಣಿಯೊಳಕ್ಕೆ ಇಳಿಸಿ, ಬೇರೆ ಬೇರೆ ಆಳದಲ್ಲಿ ಮ್ಯೂಆನ್ ಎಷ್ಟು ಉಳಿಯುತ್ತದೆ ಎಂದು ಅಳೆದರು. ಹತ್ತು ವರ್ಷ ಕಳೆದು ಮಿಯಾಕೆ, ವಿ.ಎಸ್. ನರಸಿಂಹನ್, ಪಿ.ವಿ. ರಮಣಮೂರ್ತಿ ಇನ್ನೂ ಆಳಕ್ಕೆ ಹೋದರು. ಅತ್ಯಂತ ಕೆಳಗಿನ ಮಟ್ಟದಲ್ಲಿ ಅವರ ಯಂತ್ರ ಎರಡು ತಿಂಗಳು ನಡೆಯಿತು. ಒಂದು ಮ್ಯೂಆನೂ ಬರಲಿಲ್ಲ.

ಈ ಸೊನ್ನೆಗೆ ದೊಡ್ಡ ಬೆಲೆಯಿದೆ. ಅಷ್ಟು ಆಳದಲ್ಲಿ ವಾತಾವರಣದ ಮ್ಯೂಆನ್ ಇಲ್ಲವಾದರೆ, ಅಲ್ಲಿ ಯಾವುದಾದರೂ ಕಣ ಅಡ್ಡಡ್ಡವಾಗಿ ಬಂದರೆ ಅದು ನ್ಯೂಟ್ರಿನೊ ಬಂಡೆಗೆ ಬಡಿದು ಹುಟ್ಟಿಸಿದ ಮ್ಯೂಆನೇ ಆಗಿರಬೇಕು. ನ್ಯೂಟ್ರಿನೊ ಇಡೀ ಭೂಮಿಯನ್ನೇ ತೂರಿ ಹೋಗಬಲ್ಲ ಕಣ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊವನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಮೂರೂ ಸೇರಿ ಚಾಂಪಿಯನ್ ರೀಫಿನ ಹೀತ್‌ಕೋಟ್ ಶಾಫ್ಟಿನ ಬಳಿ 2.3 ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನು ನಿಲ್ಲಿಸಿದವು. ಎದುರುಬದುರು, ಕಣ ಹಾದಾಗ ಮಿನುಗುವ ಎರಡು ಸಿಂಟಿಲೇಟರ್ ಗೋಡೆಗಳು, ನಡುವೆ ಸೀಸದ ಹಲಗೆಗಳು, ಸಾಲುಸಾಲು ನಿಯಾನ್ ಫ್ಲ್ಯಾಶ್ ಟ್ಯೂಬುಗಳು.

ಈ ಫ್ಲ್ಯಾಶ್ ಟ್ಯೂಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆರಳು ಗಾತ್ರದ ಗಾಜಿನ ಕೊಳವೆ, ಒಳಗೆ ನಿಯಾನ್, ಎರಡೂ ತುದಿ ಮುಚ್ಚಿದ್ದು. ತಂತಿಯಿಲ್ಲ, ಒಳಕ್ಕೆ ಯಾವ ಸಂಪರ್ಕವೂ ಇಲ್ಲ. ಲೋಹದ ಹಾಳೆಗಳ ನಡುವೆ ಕೊಳವೆಗಳನ್ನು ಪೇರಿಸಿಟ್ಟಿರುತ್ತಾರೆ. ಕಣ ಹಾದುಹೋದ ಸುದ್ದಿಯನ್ನು ಸಿಂಟಿಲೇಟರು ಕೊಟ್ಟೊಡನೆ ಹಾಳೆಗಳಿಗೆ ಸಾವಿರಾರು ವೋಲ್ಟಿನ ಒಂದು ಹೊಡೆತ ಬೀಳುತ್ತದೆ. ಕಣ ತೂರಿದ ಕೊಳವೆಗಳಲ್ಲಿ ಮಾತ್ರ ಬಿಡಿ ಎಲೆಕ್ಟ್ರಾನುಗಳಿರುವುದರಿಂದ ಅವಷ್ಟೇ ಕೆಂಪಗೆ ಬೆಳಗುತ್ತವೆ. ಕೊಳವೆಯ ತುದಿಗೆ ಗುರಿಯಿಟ್ಟ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಕತ್ತಲೆಯಲ್ಲಿ ಕೆಂಪು ಚುಕ್ಕಿಗಳ ಸಾಲು, ಅದೇ ಜಾಡು. 1955ರಲ್ಲಿ ಇಟಲಿಯ ಕಾನ್ವರ್ಸಿ ಮತ್ತು ಗೊಜ್ಜಿನಿ ಈ ಉಪಾಯ ಕಂಡುಹಿಡಿದರು, ಡರಮ್‌ನಲ್ಲಿ ವುಲ್ಫೆಂಡೇಲ್ ಮತ್ತು ಸಂಗಡಿಗರು ಅದನ್ನು ಬೆಳೆಸಿದರು. ಒಂದು ಸಲ ಬೆಳಗಿದ ಕೊಳವೆ ಮತ್ತೆ ಸಜ್ಜಾಗಲು ಬಹಳ ಹೊತ್ತು ಬೇಕು. ಕೋಲಾರದಲ್ಲಿ ಅದು ಕೊರತೆಯೇ ಅಲ್ಲ. ಮುಂದಿನ ಕಣಕ್ಕೆ ವಾರಗಟ್ಟಲೆ ಕಾಯಬೇಕಿತ್ತು!

1965ರ ಆಗಸ್ಟ್ 15ರ ‘ಫಿಸಿಕ್ಸ್ ಲೆಟರ್ಸ್’ನಲ್ಲಿ ಆಚಾರ್, ಮೆನನ್, ನರಸಿಂಹನ್, ರಮಣಮೂರ್ತಿ, ಶ್ರೀಕಂಠನ್, ಮಿಯಾಕೆ, ವುಲ್ಫೆಂಡೇಲ್ ಮೊದಲಾದವರ ಲೇಖನ ಬಂತು. ಅದೇ ತಿಂಗಳ 30ರಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟ ನಡೆಸಿದ್ದ ಫ್ರೆಡರಿಕ್ ರೈನ್ಸ್ ತಂಡದ ಲೇಖನ ಅಮೆರಿಕದಲ್ಲಿ ಪ್ರಕಟವಾಯಿತು. ರೈನ್ಸ್ ತಂಡ ಫೆಬ್ರವರಿಯಲ್ಲೇ ಮೊದಲ ಕಣ ಕಂಡಿತ್ತು ಎಂಬುದನ್ನು ನಾವು ಪ್ರಾಮಾಣಿಕವಾಗಿ ಹೇಳಬೇಕು. ಲೋಕಕ್ಕೆ ಮೊದಲು ಸಾರಿದ್ದು ಕೋಲಾರ. ಎರಡು ಗಣಿಗಳಿಗೂ ಸಮನಾಗಿ ಸಲ್ಲುವ ಗೌರವ ಇದು. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಎರಡಕ್ಕೂ ಜಾಗ ಸಿಕ್ಕಿಲ್ಲ.

1980ರಲ್ಲಿ ಅದೇ ಆಳದಲ್ಲಿ ಇನ್ನೂ ದೊಡ್ಡ ಯಂತ್ರ ನಿಂತಿತು. ಈ ಸಲ ಪೂರ್ತಿ ಪ್ರಪೋರ್ಷನಲ್ ಕೌಂಟರುಗಳದು. ಹತ್ತು ಸೆಂಟಿಮೀಟರ್ ಚೌಕದ ಉದ್ದನೆಯ ಕಬ್ಬಿಣದ ಕೊಳವೆಗಳು, ಒಳಗೆ ನಡುವೆ ಎಳೆದ ತಂತಿ, ತುಂಬಿದ ಆರ್ಗಾನ್–ಮೀಥೇನ್ ಮಿಶ್ರಣ. ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ನಡುವೆ ಕಬ್ಬಿಣದ ತಗಡು. ಹೀಗೆ 34 ಪದರ, ಸುಮಾರು 1,600 ಕೊಳವೆ, ಒಟ್ಟು ತೂಕ 140 ಟನ್. ಪ್ರೋಟಾನ್ ಕ್ಷಯಿಸುತ್ತದೆಯೇ ಎಂಬುದು ಪ್ರಶ್ನೆ. ಅದು ಕ್ಷಯಿಸಿದರೆ ಇಡೀ ವಿಶ್ವದ ದ್ರವ್ಯ ಕೊನೆಗೊಂದು ದಿನ ಕರಗುತ್ತದೆ. ಆ ಪ್ರಶ್ನೆಗೆಂದೇ ಕಟ್ಟಿದ ಡಿಟೆಕ್ಟರುಗಳಲ್ಲಿ ಕೋಲಾರದ್ದು ಮೊದಲನೆಯವುಗಳಲ್ಲಿ ಒಂದು. 1985ರ ಹೊತ್ತಿಗೆ ಸುಮಾರು 4,000 ಕೊಳವೆಗಳ, 260 ಟನ್ನಿನ ಎರಡನೆಯ ಯಂತ್ರವೂ ಸೇರಿತು. ಕೆಲವು ಘಟನೆಗಳನ್ನು ಪ್ರೋಟಾನ್ ಕ್ಷಯದ ಗುರುತಾಗಿರಬಹುದು ಎಂದು ತಂಡ ಮಂಡಿಸಿತು. ಬೇರೆಡೆಯ ದೊಡ್ಡ ನೀರಿನ ಡಿಟೆಕ್ಟರುಗಳಲ್ಲಿ ಅದು ದೃಢಪಡಲಿಲ್ಲ. ಇಂದಿಗೂ ಪ್ರೋಟಾನ್ ಕ್ಷಯಿಸಿದ್ದನ್ನು ಯಾರೂ ಕಂಡಿಲ್ಲ.

ಉತ್ತರ ಸಿಗಲಿಲ್ಲವೆಂದು ಆ ಯಂತ್ರವನ್ನು ಮರೆಯುವುದು ಸರಿಯಲ್ಲ. ಕಟ್ಟುವ ಕೆಲಸದ ಕಡೆಯಿಂದ ನೋಡಿ. ಗಣಿಯ ತೊಟ್ಟಿಲಿನಲ್ಲಿ ಹಿಡಿಸುವಷ್ಟೇ ಗಾತ್ರದ ಸಾಮಾನು ಕೆಳಗಿಳಿಯಬೇಕು. ಬಂಡೆಯ ಬಿಸಿ, ತೇವ, ಸಿಡಿಮದ್ದಿನ ನಡುಕ ಎಲ್ಲವನ್ನೂ ತಾಳಿಕೊಂಡು ಸಾವಿರಾರು ಕೊಳವೆಗಳು ವರ್ಷಗಟ್ಟಲೆ ಸೋರದೆ ಇರಬೇಕು. ಆಮ್ಲಜನಕದ ಅಂಶ ಒಳಗೆ ಸೇರಿದರೆ ಅದು ಎಲೆಕ್ಟ್ರಾನುಗಳನ್ನು ತಂತಿ ಮುಟ್ಟುವ ಮೊದಲೇ ನುಂಗಿಬಿಡುತ್ತದೆ, ಕೊಳವೆ ಕೆಟ್ಟಂತೆ. ಅನಿಲ ಡಿಟೆಕ್ಟರು ಎಂದರೆ ಬೆಸುಗೆ, ಬಿಗಿ, ಶುದ್ಧಿ. ಆ ವಿದ್ಯೆಯನ್ನು ಕೋಲಾರದ ನೆಲದಡಿ ಇಡೀ ಒಂದು ತಲೆಮಾರು ಕಲಿತಿತು. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಿದರು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಒಂದು ದೇಶ ತನ್ನ ಕೈಯಲ್ಲಿದ್ದ ಅಷ್ಟು ಆಳದ ಪ್ರಯೋಗಶಾಲೆಯನ್ನು ನೀರಿಗೆ ಬಿಟ್ಟದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಅದಕ್ಕೆ ಬದಲಾಗಿ ತಮಿಳುನಾಡಿನ ತೇಣಿಯ ಬೆಟ್ಟದಡಿ 50,000 ಟನ್ನಿನ ನ್ಯೂಟ್ರಿನೊ ವೀಕ್ಷಣಾಲಯವನ್ನು ಯೋಜಿಸಿದ್ದು, ಅದು ವರ್ಷಗಟ್ಟಲೆ ವಿವಾದದಲ್ಲಿ ಸಿಕ್ಕಿಬಿದ್ದದ್ದು ನಿಮಗೆ ಪತ್ರಿಕೆಗಳಿಂದ ತಿಳಿದಿರುವ ವಿಷಯ.

ಈಗ ಇನ್ನೊಂದು ತುದಿಗೆ ಬರೋಣ. ಜಿನೀವಾದ ಕಣ ಭೌತಶಾಸ್ತ್ರದ ಪ್ರಯೋಗಶಾಲೆ ಸರ್ನ್‌ನಲ್ಲಿ ಪ್ರೋಟಾನುಗಳ ಎರಡು ಕಟ್ಟುಗಳು 25 ನ್ಯಾನೊಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ನಾಲ್ಕು ಕೋಟಿ ಸಲದ ಲೆಕ್ಕದಲ್ಲಿ, ಎದುರಾಗುತ್ತವೆ. ಪ್ರತಿ ಸಲ ಹತ್ತಾರು ಡಿಕ್ಕಿ, ಪ್ರತಿ ಡಿಕ್ಕಿಯಿಂದ ಕಣಗಳ ಸುರಿಮಳೆ. ಅಪರೂಪದ್ದು ಇಲ್ಲೂ ಅಪರೂಪವೇ. ಕೋಲಾರದಲ್ಲಿ ಅದಕ್ಕಾಗಿ ಮೌನದಲ್ಲಿ ಕಾದರು. ಜಿನೀವಾದಲ್ಲಿ ಕೋಟಿಗಳ ನಡುವಿನಿಂದ ಆರಿಸಬೇಕು. ಅನಿಲ ಅದೇ ಆರ್ಗಾನ್. ಆದರೆ ಅಯಾನಿಗೆ ಸರಿಯಲು ಪುರಸೊತ್ತಿಲ್ಲ.

ಮೊದಲ ದೊಡ್ಡ ಹೆಜ್ಜೆ ಜಾರ್ಜ್ ಶರ್ಪಾಕ್ ಅವರದು. 1968ರಲ್ಲಿ ಅವರು ಕೊಳವೆಗಳ ಗೋಡೆಗಳನ್ನೇ ತೆಗೆದುಹಾಕಿದರು. ಎರಡು ಸಮತಲ ಹಾಳೆಗಳ ನಡುವೆ ಒಂದೆರಡು ಮಿಲಿಮೀಟರಿಗೊಂದರಂತೆ ನೂರಾರು ತಂತಿ ಎಳೆದರು. ಪ್ರತಿ ತಂತಿಯೂ ತಾನೇ ಒಂದು ಪ್ರಪೋರ್ಷನಲ್ ಕೌಂಟರಿನಂತೆ ಕೆಲಸ ಮಾಡಿತು, ಪ್ರತಿ ತಂತಿಗೂ ಒಂದು ಆಂಪ್ಲಿಫಯರು. ಫೋಟೋ ತೆಗೆದು ಕೂತು ನೋಡುವ ಕಾಲ ಮುಗಿಯಿತು. ಜಾಡು ನೇರವಾಗಿ ಕಂಪ್ಯೂಟರಿಗೆ ಹೋಯಿತು. 1992ರಲ್ಲಿ ಅವರಿಗೆ ನೊಬೆಲ್ ಬಂತು. ಈ ತಂತಿಗಳ ಚೇಂಬರಿಗೂ ಮಿತಿ ಇತ್ತು. ಚದರ ಮಿಲಿಮೀಟರಿಗೆ ಸೆಕೆಂಡಿಗೆ ಹತ್ತು ಸಾವಿರ ಕಣ ದಾಟಿದರೆ ಅಯಾನುಗಳ ಮೋಡ ಕವಿದು ಸಂಜ್ಞೆ ಕುಗ್ಗುತ್ತದೆ. ತಂತಿಗಳನ್ನು ಇನ್ನೂ ಹತ್ತಿರ ಎಳೆಯೋಣವೆಂದರೆ ಅವು ಒಂದನ್ನೊಂದು ವಿದ್ಯುತ್ ಬಲದಿಂದ ತಳ್ಳಾಡಿಕೊಂಡು ಜಾಗ ಬಿಟ್ಟು ಸರಿಯುತ್ತವೆ. 1988ರಲ್ಲಿ ಗ್ರೆನೋಬಲ್‌ನ ಆಂಟನ್ ಓಡ್ ತಂತಿಯ ಬದಲು ಗಾಜಿನ ಮೇಲೆ ಸೂಕ್ಷ್ಮ ಲೋಹದ ಪಟ್ಟಿಗಳನ್ನು ಮೂಡಿಸಿದರು. ವೇಗ ಬಂತು. ಆದರೆ ಒಂದು ಕಿಡಿ ಹಾರಿದರೆ ಪಟ್ಟಿ ಸುಟ್ಟುಹೋಗುತ್ತಿತ್ತು. 1996ರಲ್ಲಿ ಯಾನಿಸ್ ಜಿಯೊಮಾಟಾರಿಸ್ ಮತ್ತು ಸಂಗಡಿಗರ ಮೈಕ್ರೊಮೆಗಾಸ್ ಎಂಬ ಅನಿಲ ಡಿಟೆಕ್ಟರು ಬಂತು. 1997ರಲ್ಲಿ ಸರ್ನ್‌ನ ಫಾಬಿಯೊ ಸೌಲಿ ಜೆಮ್ ಎಂಬುದನ್ನು ಕೊಟ್ಟರು. ನನಗೆ ಅತ್ಯಂತ ಚೆಲುವಾಗಿ ಕಾಣುವುದು ಇದೇ.

ಜೆಮ್ ಎಂದರೆ ಒಂದು ಹಾಳೆ. ನಡುವೆ 50 ಮೈಕ್ರಾನ್ ದಪ್ಪದ ಕ್ಯಾಪ್ಟಾನ್ ಎಂಬ ಪಾಲಿಮರು, ಎರಡೂ ಮೈಗೆ 5 ಮೈಕ್ರಾನ್ ತಾಮ್ರ. ಅದರ ತುಂಬ ರಂಧ್ರ. ಒಂದೊಂದು ರಂಧ್ರದ ಅಗಲ 70 ಮೈಕ್ರಾನ್, ಒಂದರಿಂದ ಇನ್ನೊಂದಕ್ಕೆ 140 ಮೈಕ್ರಾನ್. ಹತ್ತು ಸೆಂಟಿಮೀಟರ್ ಚೌಕದ ಹಾಳೆಯಲ್ಲಿ ರಂಧ್ರಗಳ ಸಂಖ್ಯೆ ಸುಮಾರು ಆರು ಲಕ್ಷ. ಕಣ್ಣಿಗೆ ಅದು ಬರೀ ತಾಮ್ರದ ಹಾಳೆ. ಬೆಳಕಿಗೆ ಹಿಡಿದರೆ ಮಾತ್ರ ಆಚೆಯ ಬೆಳಕು ತೂರಿ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿ ರಂಧ್ರವೂ ನಡು ಸಣ್ಣಗಾದ ಡಮರುವಿನ ಆಕಾರ: ಎರಡೂ ತಾಮ್ರದ ಬಳಿ 70, ಕ್ಯಾಪ್ಟಾನಿನ ನಡುವೆ 50 ಮೈಕ್ರಾನ್. ಎರಡು ತಾಮ್ರದ ನಡುವೆ 400 ವೋಲ್ಟಿನಷ್ಟು ಕೊಟ್ಟರೆ, ದೂರ ತೀರ ಕಡಿಮೆಯಾದ್ದರಿಂದ, ರಂಧ್ರದೊಳಗೆ ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ ಹತ್ತಾರು ಸಾವಿರ ವೋಲ್ಟಿಗೆ ಏರುತ್ತದೆ. ಮೇಲಿನಿಂದ ಸರಿದು ಬಂದ ಎಲೆಕ್ಟ್ರಾನು ರಂಧ್ರಕ್ಕೆ ಬಿದ್ದು ಇಪ್ಪತ್ತಾಗಿ ಕೆಳಗೆ ಬರುತ್ತದೆ. ಕೆಳಗೆ ಇನ್ನೊಂದು ಹಾಳೆ, ಅದರಡಿ ಮತ್ತೊಂದು. ಇಪ್ಪತ್ತರ ಇಪ್ಪತ್ತರ ಇಪ್ಪತ್ತು: ಎಂಟು ಸಾವಿರ. ಹುಟ್ಟಿದ ಅಯಾನುಗಳಲ್ಲಿ ಹೆಚ್ಚಿನವು ಅದೇ ಹಾಳೆಯ ಮೇಲ್ಮೈಯ ತಾಮ್ರಕ್ಕೆ ಅಂಟಿ ಮುಗಿದುಹೋಗುತ್ತವೆ. ಕೆಳಗಿನ ಪಟ್ಟಿಗಳಿಗೆ ತಲುಪುವುದು ಬರೀ ಎಲೆಕ್ಟ್ರಾನುಗಳು, ಆದ್ದರಿಂದ ಸಂಜ್ಞೆ ಚುರುಕು. ತಂತಿಯ ಚೇಂಬರಿಗಿಂತ ಹತ್ತು ಪಟ್ಟಿಗೂ ಹೆಚ್ಚು ದಟ್ಟಣೆಯನ್ನು ಇದು ಕುಂದಿಲ್ಲದೆ ತಾಳುತ್ತದೆ.

ಇದನ್ನು ಯಾರು ಮಾಡುತ್ತಾರೆ? ಇದು ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡಿನ ಕೆಲಸ. ತಾಮ್ರದ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪ, ಅದರ ಮೇಲೆ ಚುಕ್ಕಿಗಳ ಮಾಸ್ಕು, ಬೆಳಕು, ತೊಳೆತ, ಎಚ್ಚಿಂಗು. ತಾಮ್ರ ಕರಗಿದ ಕಡೆ ಕ್ಯಾಪ್ಟಾನನ್ನು ಕರಗಿಸುವ ಇನ್ನೊಂದು ರಾಸಾಯನಿಕ. ಎರಡೂ ಬದಿಯಿಂದ ಕೊರೆಯುವಾಗ ಮೇಲಿನ ಮಾಸ್ಕಿನ ಚುಕ್ಕಿಗೆ ಕೆಳಗಿನ ಚುಕ್ಕಿ ಕೆಲವೇ ಮೈಕ್ರಾನುಗಳ ಒಳಗೆ ಕೂಡಬೇಕು. ತಪ್ಪಿದರೆ ರಂಧ್ರ ಓರೆಯಾಗುತ್ತದೆ. ಒಂದು ರಂಧ್ರದಲ್ಲಿ ಧೂಳಿನ ಕಣ ಕೂತರೆ ಅಲ್ಲೇ ಕಿಡಿ ಹಾರಿ ಹಾಳೆ ಕೆಡಬಹುದು. ಹಾಗಾಗಿ ಕ್ಲೀನ್‌ರೂಮಿನಲ್ಲಿ 500 ವೋಲ್ಟ್ ಮೀರಿ ಕೊಟ್ಟು, ಸೋರುವ ವಿದ್ಯುತ್ತನ್ನು ನ್ಯಾನೊ ಆಂಪಿಯರಿನ ಲೆಕ್ಕದಲ್ಲಿ ಅಳೆದು ಒಪ್ಪುತ್ತಾರೆ. ಬಹುಕಾಲ ಇದು ಸರ್ನ್‌ನ ಒಂದೇ ಕಾರ್ಯಾಗಾರದ ಕೈಚಳಕವಾಗಿತ್ತು.

ಭಾರತದಲ್ಲಿ ಮೊದಲ ಸಲ ಜೆಮ್ ಹಾಳೆಯನ್ನು ತಯಾರಿಸಿ ಮಾರಾಟಕ್ಕೆ ಸಿದ್ಧಪಡಿಸಿದ್ದು ನಮ್ಮ ಬೆಂಗಳೂರಿನ ಸರ್ಕ್ಯೂಟ್ ಬೋರ್ಡ್ ಕಂಪನಿ ಮೈಕ್ರೋಪ್ಯಾಕ್. ಎರಡು ಮಾಸ್ಕುಗಳ ವಿಧಾನದಿಂದ ಅವರು ಮಾಡಿದ ಹತ್ತು ಸೆಂಟಿಮೀಟರ್ ಚೌಕದ ಹಾಳೆಗಳನ್ನು ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ರಂಧ್ರರಂಧ್ರವಾಗಿ ಅಳೆದು, ಗುಣಮಟ್ಟದ ಎಲ್ಲ ಪರೀಕ್ಷೆಗಳಲ್ಲೂ ಉತ್ತೀರ್ಣವಾಗಿವೆ ಎಂದು 2017–18ರಲ್ಲಿ ಪ್ರಕಟಿಸಿದರು. ಇದು ಆಕಸ್ಮಿಕವಲ್ಲ. 1948ರಲ್ಲಿ ಕೆ.ಆರ್. ಪುರಂ ಬಳಿ ದೂರವಾಣಿನಗರದಲ್ಲಿ ಐಟಿಐ, 1954ರಲ್ಲಿ ಜಾಲಹಳ್ಳಿಯಲ್ಲಿ ಬಿಇಎಲ್ ಬಂದ ಮೇಲೆ ಈ ಊರಿನಲ್ಲಿ ಸೂಕ್ಷ್ಮ ಕೆಲಸದ ಕೈಗಳು ತಯಾರಾದವು. ಸರ್ನ್‌ನ ಸಿಎಂಎಸ್ ಪ್ರಯೋಗಕ್ಕೆ ಬೇಕಾದ ಸಿಲಿಕಾನ್ ಪಟ್ಟಿ ಡಿಟೆಕ್ಟರುಗಳನ್ನು ಬಿಇಎಲ್ ಆಗಲೇ ಮಾಡಿಕೊಟ್ಟಿತ್ತು. ಸಿಎಂಎಸ್ ತನ್ನ ಮೊದಲ ಜೆಮ್ ಪದರದ 144 ಚೇಂಬರುಗಳನ್ನು 2019–20ರಲ್ಲಿ ಕೂಡಿಸಿತು. ಅವುಗಳಲ್ಲಿ ಕೆಲವನ್ನು ಭಾರತದ ಪ್ರಯೋಗಶಾಲೆಗಳಲ್ಲಿ ಜೋಡಿಸಲಾಗಿತ್ತು. ಬೋರ್ಡು ಕೊರೆಯುವವರ ಕೈ ಇಲ್ಲದೆ ಈ ಭೌತಶಾಸ್ತ್ರ ಒಂದು ಹೆಜ್ಜೆ ಮುಂದೆ ಹೋಗಲಾರದು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಪಾಠದಲ್ಲಿ ಈ ಮಾತು ಒಂದು ಗಂಟೆಯಷ್ಟಾದರೂ ಬರಬೇಕೆಂದು ನಾನು ಅಧ್ಯಾಪಕ ಮಿತ್ರರನ್ನು ಒತ್ತಾಯಿಸುತ್ತೇನೆ.

ಅಯಾನಿನ ಕಾಟ ಇಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಸರ್ನ್‌ನ ಆಲಿಸ್ ಪ್ರಯೋಗದಲ್ಲಿ ಐದು ಮೀಟರ್ ಉದ್ದದ ಅನಿಲದ ಪೀಪಾಯಿ ಇದೆ. ಕಣದ ಜಾಡಿನಿಂದ ಎಲೆಕ್ಟ್ರಾನುಗಳು ನಡುವಿನಿಂದ ತುದಿಗೆ ಎರಡೂವರೆ ಮೀಟರ್ ಸರಿಯಲು 100 ಮೈಕ್ರೋಸೆಕೆಂಡಿನಷ್ಟು ಸಾಕು. ಹಿಂದಕ್ಕೆ ಬರುವ ಅಯಾನಿಗೆ 160 ಮಿಲಿಸೆಕೆಂಡು ಬೇಕು. ಹಿಂದೆ ತುದಿಯಲ್ಲಿ ತಂತಿಗಳಿದ್ದಾಗ ಅಯಾನು ಹಿಂದಿರುಗದಂತೆ ವಿದ್ಯುತ್ ಬಾಗಿಲು ಹಾಕುತ್ತಿದ್ದರು. ಬಾಗಿಲು ಹಾಕಿದಷ್ಟು ಹೊತ್ತು ಡಿಟೆಕ್ಟರು ಕುರುಡು. ಈಗ ನಾಲ್ಕು ಜೆಮ್ ಹಾಳೆಗಳನ್ನು ರಂಧ್ರಗಳ ಅಂತರ ಬದಲಿಸಿ ಒಂದರಡಿ ಒಂದು ಜೋಡಿಸಿದ್ದಾರೆ. ನೂರರಲ್ಲಿ ಒಂದಕ್ಕೂ ಕಡಿಮೆ ಅಯಾನು ಮಾತ್ರ ಹಿಂದಕ್ಕೆ ನುಸುಳುತ್ತದೆ. ಬಾಗಿಲೇ ಇಲ್ಲ, ಸೀಸದ ನ್ಯೂಕ್ಲಿಯಸ್‌ಗಳ ಡಿಕ್ಕಿಗಳನ್ನು ಸೆಕೆಂಡಿಗೆ 50,000ದಂತೆ ಎಡೆಬಿಡದೆ ಓದುತ್ತಾರೆ. ಲೆಕ್ಕ ಹಾಕಿ: 160 ಮಿಲಿಸೆಕೆಂಡಿನಲ್ಲಿ 8,000 ಡಿಕ್ಕಿ. ಅಷ್ಟೂ ಡಿಕ್ಕಿಗಳ ಅಳಿದುಳಿದ ಅಯಾನುಗಳು ಯಾವ ಕ್ಷಣದಲ್ಲಿ ನೋಡಿದರೂ ಪೀಪಾಯಿಯಲ್ಲಿ ತೇಲುತ್ತಿರುತ್ತವೆ, ಜಾಡುಗಳನ್ನು ಸೆಂಟಿಮೀಟರುಗಳಷ್ಟು ಬಾಗಿಸುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ ನೇರ ಮಾಡಬೇಕು. ನಮ್ಮ ಸಾಫ್ಟ್‌ವೇರ್ ಮಕ್ಕಳಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಅನಿಲದ ಬಗ್ಗೆಯೇ ಒಂದು ಮಾತು. ಕೆಲವು ಡಿಟೆಕ್ಟರುಗಳಲ್ಲಿ ಬಳಸುವ ಆರ್-134ಎ ಎಂಬ ಅನಿಲ, ಕಾರಿನ ಎಸಿಯಲ್ಲೂ ಇರುವಂಥದ್ದು, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಕೆಟ್ಟದ್ದು. ಸಿಎಂಎಸ್ ತನ್ನ ಜೆಮ್ ಚೇಂಬರುಗಳಿಗೆ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡನ್ನು 70–30ರಂತೆ ಬೆರೆಸಿ ಈ ಪಾಪದಿಂದ ಪಾರಾಗಿದೆ. ಬೇರೆ ಡಿಟೆಕ್ಟರುಗಳಿಗೆ ಬದಲಿ ಅನಿಲದ ಹುಡುಕಾಟ ನಡೆಯುತ್ತಿದೆ. ರಸಾಯನಶಾಸ್ತ್ರ ಓದುತ್ತಿರುವವರು ಗಮನಿಸಿ.

ಕೊನೆಯದಾಗಿ ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರ ಮುಂದೆ ಒಂದು ಕೋರಿಕೆ. ಕೋಲಾರದ ಪ್ರಯೋಗಗಳ ಲೇಖನಗಳಲ್ಲಿ ವಿಜ್ಞಾನಿಗಳ ಹೆಸರುಗಳಿವೆ. ಸೀಸದ ಹಲಗೆ ಹೊತ್ತವರು, ತೊಟ್ಟಿಲು ನಡೆಸಿದವರು, ಕೊಳವೆ ಪೇರಿಸಿದವರು, ಎರಡು ಕಿಲೋಮೀಟರ್ ಆಳದಲ್ಲಿ ಕೇಬಲ್ ಎಳೆದವರು, ಅವರ ಹೆಸರುಗಳಿಲ್ಲ. ಗಣಿ ಮುಚ್ಚಿದ ಮೇಲೆ ಅವರ ಮನೆಯ ಮಕ್ಕಳು ಬೆಳಗಿನ ಜಾವದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕಾರ್ಖಾನೆಗೆ, ಆಫೀಸಿಗೆ ಬರುತ್ತಿದ್ದಾರೆ. ದಿನಾಲೂ ಸಾವಿರಾರು ಜನ ಕೆ.ಆರ್. ಪುರಂನಲ್ಲಿ, ದಂಡಿನಲ್ಲಿ ಇಳಿಯುತ್ತಾರೆ. ಅವರ ಅಪ್ಪಂದಿರಲ್ಲಿ, ಅಜ್ಜಂದಿರಲ್ಲಿ ಆ ಯಂತ್ರಗಳನ್ನು ಕಣ್ಣಾರೆ ಕಂಡವರು, ಕೈಯಾರೆ ಮುಟ್ಟಿದವರು ಇನ್ನೂ ಇದ್ದಾರು. ತಮಿಳು, ತೆಲುಗು, ಕನ್ನಡ, ಯಾವ ಭಾಷೆಯಲ್ಲಾದರೂ ಸರಿ, ಅವರ ಮಾತನ್ನು ಕೇಳಿ ಬರೆದಿಟ್ಟುಕೊಳ್ಳಬೇಕು: ಯಾವ ಪಾಳಿಯಲ್ಲಿ ಇಳಿದರು, ಯಾವ ಮಟ್ಟದಲ್ಲಿ ನಿಂತರು, ಸೋರುವ ಕೊಳವೆಯನ್ನು ಹೇಗೆ ಗುರುತು ಹಿಡಿದರು, ಕೆಂಪು ಚುಕ್ಕಿ ಮೂಡಿದ ಚಿತ್ರವನ್ನು ಅವರಿಗೆ ಯಾರಾದರೂ ತೋರಿಸಿದ್ದರೇ. ಮುಂದಿನ ವರ್ಷದ ದತ್ತಿಯ ಹಣದಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ಒಂದು ರೆಕಾರ್ಡರ್ ಕೊಟ್ಟು ಚಾಂಪಿಯನ್ ನಿಲ್ದಾಣಕ್ಕೆ ಕಳಿಸಿದರೆ ಈ ಕೆಲಸ ಶುರುವಾಗುತ್ತದೆ. ಅವರ ಜೊತೆ ಹೋಗಲು ನಾನು ಸಿದ್ಧನಿದ್ದೇನೆ.